ಗುರುವಾರದ ತೂಕ

ರೋಗಿಯ ತೂಕ ಎಷ್ಟೆಂದು ಕೇಳಿದರೆ ಮನೆಯವರು ನಿಜ ಹೇಳುವುದಿಲ್ಲ. ಸ್ತಾಮೆನ್ಕಾ ಇದನ್ನು ನರ್ಸ್ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಲಿತಳು. ಅವರೇನೂ ಬೇಕೆಂದು ಸುಳ್ಳು ಹೇಳುವವರಲ್ಲ. ಹೆಂಡತಿಗೆ ಗಂಡ ಸೈನ್ಯದಿಂದ ಮರಳಿದಾಗಿನ ತೂಕ ನೆನಪಿರುತ್ತದೆ. ತಾಯಿಗೆ ಮಗಳ ಮದುವೆಯ ದಿನದ್ದು. ಮಂಚದ ಮೇಲೆ ಮಲಗಿರುವ ದೇಹ ಅದಲ್ಲ, ಆದರೆ ಅವರು ಪ್ರೀತಿಸಿದ್ದು ಅದನ್ನೇ.

ಸರ್ಬಿಯಾದಲ್ಲಿ, ಮೊರಾವಾ ಹೊಳೆ ಬಳಸಿಕೊಂಡು ಹೋಗುವ ಒಂದು ಸಣ್ಣ ಪಟ್ಟಣದ ಆಸ್ಪತ್ರೆ ಅದು. ತೀವ್ರ ನಿಗಾ ಘಟಕದಲ್ಲಿ ಆರು ಮಂಚ. ತೂಕ ತೋರಿಸುವ ಮಂಚಗಳು ಬರುತ್ತವೆ ಬರುತ್ತವೆ ಎಂದು ಹೇಳುತ್ತಲೇ ಮೂವರು ನಿರ್ದೇಶಕರು ನಿವೃತ್ತರಾದರು. ಉಸಿರಾಟದ ಯಂತ್ರಕ್ಕೆ ಹಾಕಿದ ರೋಗಿಯನ್ನು ನಿದ್ದೆಯಲ್ಲಿಡುವ ಔಷಧಿಗೆ ಮಾತ್ರ ತೂಕ ಬೇಕೇ ಬೇಕು. ಆ ಲೆಕ್ಕವನ್ನು ಅವಳಿಗೆ ಕಲಿಸಿದವರು ಮುದಿ ಡಾಕ್ಟರ್ ಸ್ಪಾಸೊಯೆ. ರೈತರ ಮನೆಯ ಹುಡುಗಿ, ಆ ಮನೆತನದಲ್ಲಿ ಹತ್ತನೇ ತರಗತಿ ದಾಟಿದವಳು ಇವಳೊಬ್ಬಳೇ ಎಂದು ತಿಳಿದಿದ್ದ ಅವರು ಹೊಲದ ಭಾಷೆಯಲ್ಲೇ ಹೇಳಿದ್ದರು.

"ತಳದಲ್ಲಿ ತೂತಿರೋ ಪೀಪಾಯಿ ಅಂದ್ಕೊ. ಸೋರಿದಷ್ಟೇ ಸುರೀತಾ ಕೂತ್ರೆ ಯಾವಾಗ ತುಂಬುತ್ತೆ?"

"ಯಾವತ್ತೂ ತುಂಬಲ್ಲ ಡಾಕ್ಟ್ರೇ."

"ಅದಕ್ಕೇ ಮೊದಲು ಒಂದೇ ಸಲ ಬಕೆಟ್ಟು ಸುರಿದು ಬೇಕಾದ ಮಟ್ಟಕ್ಕೆ ತರ್ಬೇಕು. ಆಮೇಲೆ ಸೋರಿದಷ್ಟು ಹನಿಹನಿಯಾಗಿ ಕೊಡ್ತಾ ಇರೋದು. ಮೊದಲನೇ ಬಕೆಟ್ಟು ಎಷ್ಟು ದೊಡ್ಡದಿರ್ಬೇಕು ಹೇಳು?"

"ಪೀಪಾಯಿ ನೋಡಿ."

"ಶಾಭಾಷ್. ಮಿಕ್ಕಿದ್ದೆಲ್ಲ ಬರೀ ಗುಣಾಕಾರ."

ಮಿಕ್ಕಿದ್ದೆಲ್ಲ ಬರೀ ಗುಣಾಕಾರವಾಗಿರಲಿಲ್ಲ. ಪೀಪಾಯಿ ಒಂದಲ್ಲ, ಮೂರು: ರಕ್ತದ್ದೊಂದು, ಮಾಂಸದ್ದೊಂದು, ಕೊಬ್ಬಿನದೊಂದು. ಮೂರರ ನಡುವೆಯೂ ಕೊಳವೆ. ಸೋರುವ ತೂತು ಎಂದರೆ ಯಕೃತ್ತು. ಅದು ಕೆಟ್ಟವರಲ್ಲಿ ತೂತು ಕಿರಿದು. ವಯಸ್ಸಾದವರಲ್ಲಿ ಮೊದಲ ಪೀಪಾಯಿಯೇ ಚಿಕ್ಕದು. ಸ್ತಾಮೆನ್ಕಾ ಒಂದು ಚಳಿಗಾಲವಿಡೀ ಚೌಕುಳಿ ಹಾಳೆಯ ಮೇಲೆ ಕೂತು ತೂಕ, ವಯಸ್ಸು, ಯಕೃತ್ತಿನ ಸ್ಥಿತಿ ಇವೆಲ್ಲಕ್ಕೂ ಒಂದು ಕೋಷ್ಟಕ ಮಾಡಿದಳು. ಮೊದಲ ಪ್ರಮಾಣ ಎಷ್ಟು, ಆಮೇಲೆ ಗಂಟೆಗೆಷ್ಟು, ನಿಲ್ಲಿಸಿದರೆ ಎಷ್ಟು ಹೊತ್ತಿಗೆ ಕಣ್ಣು ಬಿಡುತ್ತಾರೆ. ಸಹಿ ಡಾಕ್ಟರದ್ದು. ಹಾಳೆಗೆ ಹೆಸರು ಮಾತ್ರ 'ಸ್ತಾಮೆನ್ಕಾ ಹಾಳೆ' ಎಂದೇ ನಿಂತಿತು. ಡಾಕ್ಟರ್ ಸ್ಪಾಸೊಯೆ ತೀರಿಕೊಂಡ ಮೇಲೂ ಅದು ಔಷಧಿ ಕಪಾಟಿನ ಬಾಗಿಲ ಒಳಗೆ ಅಂಟಿಕೊಂಡೇ ಇತ್ತು.

ತೂಕದ ತೊಂದರೆಯನ್ನು ಬಗೆಹರಿಸಿದವನು ಅವಳ ಗಂಡ ರಾದಿಸಾವ್.

ಹೊಳೆಯಾಚೆಯ ಗುಡ್ಡದ ಮೇಲೆ ಸಹಕಾರಿ ಸಂಘದ ಪ್ಲಮ್ ಹಣ್ಣಿನ ಖರೀದಿ ಕೇಂದ್ರವಿತ್ತು. ರಾದಿಸಾವ್ ಅಲ್ಲಿನ ತೂಕದವನು. ಆಗಸ್ಟ್ ಬಂತೆಂದರೆ ಗಾಡಿಗಳ ಸಾಲು, ದೊಡ್ಡ ಹಲಗೆಯ ತಕ್ಕಡಿಯ ಮುಂದೆ ಅವನು. ಅವರಿಬ್ಬರ ಮೊದಲ ಭೇಟಿಯೂ ಅಲ್ಲೇ. ಅಪ್ಪನ ಹಣ್ಣು ತಂದಿದ್ದ ಇಪ್ಪತ್ತರ ಸ್ತಾಮೆನ್ಕಾಳ ಮುಂದೆ ಅವನು ಬುಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ, ಇಳಿಸಿ, "ನಿಮ್ಮಪ್ಪ ತಳದಲ್ಲಿ ಒದ್ದೆ ಎಲೆ ತುಂಬಿದಾರೆ. ಎಂಟುನೂರು ಗ್ರಾಂ," ಎಂದಿದ್ದ. ಎಲೆ ಸುರಿದು ತೂಗಿದರೆ ಎಂಟುನೂರ ಇಪ್ಪತ್ತು. ಅವಳ ಮುಖ ಹಣ್ಣಿಗಿಂತ ಕೆಂಪಾಯಿತು. ಅದೇ ವರ್ಷ ಹೆಣ್ಣು ಕೇಳಲು ಬಂದಾಗ ಅವಳಪ್ಪ, "ಈ ಅಳಿಯನ ಹತ್ರ ದೇವರೇ ಬಂದ್ರೂ ಬುಟ್ಟಿ ತೂಕ ಕಳೆದೇ ಬರ್ಕೊಳ್ತಾನೆ," ಎಂದು ಗೊಣಗುತ್ತಲೇ ಒಪ್ಪಿದ್ದರು.

ರಾದಿಸಾವ್ ಸಂಜೆ ಹೆಂಡತಿಯನ್ನು ಕರೆದೊಯ್ಯಲು ಆಸ್ಪತ್ರೆಗೆ ಬರುತ್ತಿದ್ದ. ಒಂದು ದಿನ ಗಾಜಿನಾಚೆಯಿಂದ ಹೊಸ ರೋಗಿಯನ್ನು ನೋಡಿ ಸುಮ್ಮನೆ, "ತೊಂಬತ್ತೊಂದು," ಎಂದ. ಮನೆಯವರು ನೂರಾಹತ್ತು ಎಂದಿದ್ದರು. ಮರುದಿನ ಬೇರೆ ಊರಿನ ದೊಡ್ಡಾಸ್ಪತ್ರೆಗೆ ಸಾಗಿಸಿದಾಗ ಅಲ್ಲಿ ತೂಗಿದರೆ ತೊಂಬತ್ತೆರಡು. ಅಲ್ಲಿಂದ ಮುಂದೆ ಘಟಕಕ್ಕೆ ಅವನೇ ತಕ್ಕಡಿ. "ಸಿಸ್ಟರ್, ನಿಮ್ಮ ಯಜಮಾನ್ರಿಗೆ ಫೋನ್ ಮಾಡಿ, ಮೂರನೇ ಮಂಚ ತೂಗ್ಬೇಕಿತ್ತು," ಎಂದು ಡಾಕ್ಟರುಗಳು ತಮಾಷೆ ಮಾಡುವರು. ಅವನು ಬರುವನು. ತೋಳನ್ನೊಮ್ಮೆ ಎತ್ತಿ ನೋಡಿ, ಕಾಲನ್ನೊಮ್ಮೆ ಎತ್ತಿ ನೋಡಿ ಹೇಳಿ ಹೋಗುವನು. ಒಂದು ಲೋಟ ಕಾಫಿ ಅವನ ಸಂಭಾವನೆ.

ಊರ ಕೂಸುಗಳನ್ನೂ ಅವನೇ ತೂಗುತ್ತಿದ್ದ. ಬಾಣಂತಿ ಮಗುವಿನೊಂದಿಗೆ ನಲವತ್ತು ದಿನ ಹೊಸ್ತಿಲು ದಾಟುವುದಿಲ್ಲ. ನಲವತ್ತು ತುಂಬಿದ ದಿನ ಚರ್ಚಿಗೆ ಹೋಗಿ ಪಾದ್ರಿಯಿಂದ ಪ್ರಾರ್ಥನೆ ಮಾಡಿಸಿಕೊಂಡು, ಅಲ್ಲಿಂದ ನೇರ ಖರೀದಿ ಕೇಂದ್ರದಲ್ಲಿದ್ದ ರಾದಿಸಾವನ ತೂಕದ ಮನೆಗೆ. ಅವನು ಮೊದಲು ಕೈಯಲ್ಲಿ ಎತ್ತಿ ಹೇಳುವನು, ಆಮೇಲೆ ತಕ್ಕಡಿ. "ಬಟ್ಟೆ ಬಿಚ್ಚಿ. ಬಟ್ಟೆ ಸಮೇತ ನಾನು ತೂಗಲ್ಲ," ಎನ್ನುವುದು ಅವನ ಮಂತ್ರ. ಅವನ ಮಾತಿಗೂ ತಕ್ಕಡಿಯ ಮುಳ್ಳಿಗೂ ಐವತ್ತು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಬಂದದ್ದನ್ನು ಕಂಡವರಿಲ್ಲ.

ಅವನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದಾಗ ಪ್ಲಮ್ ಸುಗ್ಗಿ ಮುಗಿದಿತ್ತು. ಯಕೃತ್ತಿಗೂ ಹರಡಿತ್ತು. ವೈದ್ಯರು ವಸಂತದವರೆಗೆ ಎಂದರು. ಮಗಳು ದೂನ್ಯಾ ಆಗ ತುಂಬು ಬಸುರಿ. ಬೆಟ್ಟದಾಚೆ, ಬಸ್ಸಿನಲ್ಲಿ ಎರಡೂವರೆ ಗಂಟೆ ದೂರದ ಊರಲ್ಲಿ ಅವಳ ಗಂಡನ ಮನೆ. ಜನವರಿ ಕೊನೆಯಲ್ಲಿ ಗಂಡುಮಗು ಹುಟ್ಟಿತು. ತಾದಿಯಾ ಎಂದು ಹೆಸರು ನಿಶ್ಚಯವಾಯಿತು. ರಾದಿಸಾವ್ ಗೋಡೆಯ ಕ್ಯಾಲೆಂಡರಿನಲ್ಲಿ ನಲವತ್ತು ದಿನ ಎಣಿಸಿ ಒಂದು ಗುರುವಾರದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದ.

"ಅವತ್ತು ನನ್ನ ಕೈಗೆ ಕೊಡ್ಬೇಕು," ಎಂದ. "ಎಷ್ಟೋ ಜನರ ಮಕ್ಕಳನ್ನ ಎತ್ತಿದೀನಿ. ನಮ್ಮದನ್ನ ಎತ್ತದೆ ಹೋಗಲ್ಲ ನಾನು."

ಪ್ರತಿ ಭಾನುವಾರ ಚರ್ಚಿನಿಂದ ಬರುವಾಗ ಅವನು ತೂಕದ ಮನೆಯ ಬೀಗ ತೆಗೆದು ಒಳಗೆ ಹೋಗುತ್ತಿದ್ದ. ಸ್ತಾಮೆನ್ಕಾ ಹೊರಗೆ ನಿಲ್ಲಬೇಕು. ಬಂದು ಹೇಳುವನು: "ಎಪ್ಪತ್ತೆಂಟು. ಹೋದ ವಾರದಷ್ಟೇ."

ಅಷ್ಟು ಕೇಳಿದರೆ ಅವಳ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಅವನು ಎರಡು ಸ್ವೆಟರು, ಅದರ ಮೇಲೆ ಕುರಿತೊಗಲಿನ ತೋಳಿಲ್ಲದ ಕೋಟು ಹಾಕುತ್ತಿದ್ದ, ಮನೆಯೊಳಗೂ ತೆಗೆಯುತ್ತಿರಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬಿತ್ತು. ಆದರೆ ಕುತ್ತಿಗೆ? ಮಣಿಕಟ್ಟು? ಮೂವತ್ತು ವರ್ಷ ರೋಗಿಗಳ ಮೈ ಉಜ್ಜಿದ ಹೆಂಗಸು ಅವಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಕಣ್ಣಿಗೆ ಕಂಡಿತ್ತು, ಮನಸ್ಸು ಒಪ್ಪಿರಲಿಲ್ಲ. ರಾದಿಸಾವ್ ಎಪ್ಪತ್ತೆಂಟು ಎಂದ ಮೇಲೆ ಅದು ಎಪ್ಪತ್ತೆಂಟೇ.

ಆ ಗುರುವಾರಕ್ಕೆ ಮೂರು ದಿನ ಉಳಿದಿರುವಾಗ ಅವನಿಗೆ ಶ್ವಾಸಕೋಶದ ಸೋಂಕು ತಗುಲಿತು. ಸೋಮವಾರ ಮಧ್ಯಾಹ್ನ ಅವಳ ಘಟಕದಲ್ಲೇ, ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದರು. ಮುಖಕ್ಕೆ ಬಿಗಿಯಾದ ಆಮ್ಲಜನಕದ ಮುಖವಾಡ. ಅವನಿಗೆ ಅದು ಉಸಿರುಗಟ್ಟಿಸಿದಂತಾಗಿ ಕಿತ್ತೆಸೆಯುವನು. ತೆಗೆದರೆ ತುಟಿ ನೀಲಿಗಟ್ಟುವುದು. ಮಂಗಳವಾರ ಬೆಳಿಗ್ಗೆಯ ಹೊತ್ತಿಗೆ ಹೀಗೇ ಬಿಟ್ಟರೆ ಗುರುವಾರ ಕಾಣುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ನಿದ್ದೆಯ ಔಷಧಿ ಕೊಟ್ಟು ಮುಖವಾಡ ಒಪ್ಪುವಂತೆ ಮಾಡಬೇಕು. ಎರಡು ದಿನ ದಾಟಿಸಿ, ಗುರುವಾರ ಬೆಳಿಗ್ಗೆ ನಿಲ್ಲಿಸಿದರೆ ಮಧ್ಯಾಹ್ನಕ್ಕೆ ಎಚ್ಚರವಾಗಬೇಕು.

ದೂನ್ಯಾ ಫೋನ್ ಮಾಡಿದಳು. "ಅಮ್ಮಾ, ಈಗಲೇ ಹೊರಟು ಬರ್ತೀನಿ. ಅತ್ತೆ ನಲವತ್ತು ತುಂಬಿಲ್ಲ ಅಂತಾರೆ. ಅಂದ್ಕೊಳ್ಳಲಿ ಬಿಡು."

ಸ್ತಾಮೆನ್ಕಾ ಕಿಟಕಿಯಾಚೆ ನೋಡಿದಳು. ಹಿಮ ಬೀಳುತ್ತಿತ್ತು. ಬೆಟ್ಟದ ದಾರಿ, ಹಸುಗೂಸು, ಎರಡೂವರೆ ಗಂಟೆಯ ಬಸ್ಸು. ಅವಳ ತಾಯಿ, ತಾಯಿಯ ತಾಯಿ ಎಲ್ಲರೂ ಪಾಲಿಸಿದ ನಲವತ್ತು.

"ಬೇಡ ಮಗಾ. ನಲವತ್ತು ಮುರೀಬೇಡ. ಗುರುವಾರ ಬಂದ್ರೆ ಸಾಕು. ಲೆಕ್ಕ ಹಾಕ್ತೀನಿ, ಅವತ್ತು ಮಧ್ಯಾಹ್ನ ಅಪ್ಪ ಎದ್ದಿರ್ತಾನೆ."

"ಖಂಡಿತಾನಾ?"

"ನನ್ನ ಹಾಳೆ ಯಾವತ್ತು ತಪ್ಪಿದೆ?"

ಘಟಕದ ಡಾಕ್ಟರ್ ವೆಲಿಮಿರ್ ಇನ್ನೂ ಮೂವತ್ತೈದು ದಾಟದವನು. ಅವಳ ಕೈಯಲ್ಲಿನ ಪೆನ್ಸಿಲು ನೋಡಿ ಹತ್ತಿರ ಬಂದ. "ಸಿಸ್ಟರ್, ಈ ಲೆಕ್ಕ ನೀವು ಮಾಡ್ಬೇಡಿ. ಇದೊಂದನ್ನ ನಾನು ಮಾಡ್ತೀನಿ."

"ಯಾವ ಹಾಳೆ ನೋಡಿ ಮಾಡ್ತೀರಿ?"

ಅವನು ತಲೆ ತಗ್ಗಿಸಿ ಸಣ್ಣಗೆ ನಕ್ಕ. "ನಿಮ್ಮದೇ."

"ಮತ್ತೆ?"

ಅವಳು ಮಂಚದ ಬಳಿ ಹೋದಳು. ರಾದಿಸಾವ್ ಮುಖವಾಡ ಸರಿಸಿಕೊಂಡು ಏದುಸಿರು ಬಿಡುತ್ತಿದ್ದ.

"ಮಲಗಿಸ್ತೀಯಂತೆ," ಎಂದ.

"ಎರಡು ದಿನ. ಆಮೇಲೆ ಎಬ್ಬಿಸ್ತೀನಿ. ಮಗೂನ ಕೈಗೆ ಕೊಡ್ತೀನಿ."

"ಬಟ್ಟೆ ಬಿಚ್ಚಿ ಕೊಡ್ಬೇಕು."

"ಗೊತ್ತು. ಮೂವತ್ತು ವರ್ಷದಿಂದ ಕೇಳ್ತಿದೀನಿ. ಈ ಭಾನುವಾರ ಎಷ್ಟಿತ್ತು ನಿನ್ನ ತೂಕ?"

ಅವನು ಅವಳ ಮುಖ ನೋಡಿದ. ಅವಳು ನಗುತ್ತಿದ್ದಳು, ಅವನಿಗೆ ಧೈರ್ಯವಾಗಲೆಂದು. ಅವನೂ ನಕ್ಕ, ಅವಳಿಗೆ ಧೈರ್ಯವಾಗಲೆಂದು.

"ಎಪ್ಪತ್ತೆಂಟು ಕಣೇ. ಹೋದ ವಾರದಷ್ಟೇ."

ಅವಳು ಡಾಕ್ಟರಿಗೆ ಹೇಳಿದಳು.

"ತೂಗಿದ್ದು ಯಾರು?" ಎಂದ ವೆಲಿಮಿರ್.

"ಅವನೇ."

ಆಮೇಲೆ ಆ ಪ್ರಶ್ನೆಯನ್ನು ಯಾರೂ ಮತ್ತೆ ಎತ್ತಲಿಲ್ಲ. ವಯಸ್ಸಿಗೆ ಇಷ್ಟು ಕಳೆದರು, ಯಕೃತ್ತಿಗೆ ಇಷ್ಟು ಕಳೆದರು, ಮೊದಲ ಪ್ರಮಾಣವನ್ನು ಸಿರಿಂಜಿಗೆ ಎಳೆದರು. ವೆಲಿಮಿರ್ ನಿಧಾನವಾಗಿ, ನಿಮಿಷ ನೋಡಿಕೊಂಡು ಕೊಟ್ಟ. ಅರ್ಧ ದಾಟುವಾಗಲೇ ರಾದಿಸಾವನ ಮುಖ ಸಡಿಲಿತು. "ಬೇಗ ಹಿಡೀತು," ಎಂದಳು ಸ್ತಾಮೆನ್ಕಾ. "ಎರಡು ದಿನದಿಂದ ನಿದ್ದೆಗೆಟ್ಟಿದ್ದಾರಲ್ಲ," ಎಂದ ವೆಲಿಮಿರ್. ಪೂರ್ತಿ ಕೊಟ್ಟು ಮುಗಿಸಿದ ಹತ್ತೇ ನಿಮಿಷದಲ್ಲಿ ರಕ್ತದೊತ್ತಡ ಬಾವಿಗೆ ಬಿದ್ದ ಕೊಡದಂತೆ ಇಳಿಯಿತು.

ಓಡಾಟ, ಕೂಗಾಟ. ಒತ್ತಡ ಏರಿಸುವ ಔಷಧಿ ಹಚ್ಚಿದರು. ನಿದ್ದೆಯ ಔಷಧಿಯ ಹನಿಯನ್ನು ಶುರುವಾಗುವ ಮೊದಲೇ ನಿಲ್ಲಿಸಿದರು. ಜೀವ ಉಳಿಯಿತು. ಆದರೆ ಅವನು ಮುಳುಗಿದ್ದ ಆಳ ಬೇಕಿದ್ದ ಆಳಕ್ಕಿಂತ ಬಹಳ ಕೆಳಗಿತ್ತು.

ಅವಳು ಹಾಳೆ ಹಿಡಿದು ಕೂತಳು. ಗುಣಿಸಿದಳು, ಭಾಗಿಸಿದಳು. ಮತ್ತೊಂದು ಹಾಳೆಯಲ್ಲಿ ಮೊದಲಿಂದ ಮಾಡಿದಳು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದೇ ಅವಳನ್ನು ಹೆದರಿಸಿದ್ದು. ಔಷಧಿ ಇಳಿಯುವ ಗೆರೆಯನ್ನು ಚೌಕುಳಿ ಹಾಳೆಯ ಮೇಲೆ ಎಳೆದು, ಬುಧವಾರ ಬೆಳಿಗ್ಗೆ ಎಂಟಕ್ಕೆ ಕಣ್ಣು ಬಿಡಬೇಕು ಎಂದು ಗುರುತು ಹಾಕಿದಳು. ಎಂಟಾಯಿತು. ಹತ್ತಾಯಿತು. "ರಾದಿಸಾವ್," ಎಂದಳು. "ಏಯ್, ತೂಕದವ್ನೇ. ಗಾಡಿ ಬಂದಿದೆ ಏಳು." ಅವನ ರೆಪ್ಪೆ ಅಲುಗಲಿಲ್ಲ. ಕೆಟ್ಟ ಯಕೃತ್ತು ಹಾಳೆಯಲ್ಲಿ ಬರೆದುಕೊಂಡದ್ದಕ್ಕಿಂತ ಹೆಚ್ಚು ಕೆಟ್ಟಿತ್ತು. ತೂತು ಹೆಚ್ಚುಕಡಿಮೆ ಮುಚ್ಚಿಹೋದ ಪೀಪಾಯಿ.

ದೂನ್ಯಾ ಮತ್ತೆ ಫೋನ್ ಮಾಡಿದಾಗ ಸ್ತಾಮೆನ್ಕಾ, "ಮಲಗಿದಾನೆ. ನಾಳೆ ಬಾ," ಎಂದಷ್ಟೇ ಹೇಳಿದಳು. ಇವತ್ತೇ ಬಾ ಎನ್ನುವುದೆಂದರೆ ಲೆಕ್ಕ ತಪ್ಪಿದೆ ಎಂದು ಒಪ್ಪುವುದು. ಒಪ್ಪಿದರೆ ನಿಜವಾಗಿಬಿಡುತ್ತದೆ.

ಗುರುವಾರ ಮಧ್ಯಾಹ್ನ ದೂನ್ಯಾ ಬಂದಳು. ಚರ್ಚಿನ ಪ್ರಾರ್ಥನೆ ಮುಗಿಸಿ ನೇರ ಬಸ್ಸು ಹತ್ತಿದ್ದಳು. ಶಾಲಿನಲ್ಲಿ ಸುತ್ತಿದ್ದ ಮಗುವಿನ ಹಣೆಯ ಮೇಲೆ ಪಾದ್ರಿ ಹಚ್ಚಿದ ಎಣ್ಣೆಯ ಜಿಡ್ಡು ಇನ್ನೂ ಇತ್ತು. ಅಪ್ಪನನ್ನು ನೋಡಿ, ಆಮೇಲೆ ಅಮ್ಮನನ್ನು ನೋಡಿದಳು.

"ಎಬ್ಬಿಸಮ್ಮಾ."

ವೆಲಿಮಿರ್ ಮುಂದೆ ಬಂದ. ನಿದ್ದೆಯನ್ನು ಹೊಡೆದೋಡಿಸುವ ಮದ್ದೊಂದಿದೆ. ಸ್ವಲ್ಪ ಹೊತ್ತಷ್ಟೇ ಕೆಲಸ ಮಾಡುತ್ತದೆ, ಆಮೇಲೆ ಮೊದಲಿನ ನಿದ್ದೆಯೇ ಮತ್ತೆ ಕವಿಯುತ್ತದೆ. ಈ ಸ್ಥಿತಿಯಲ್ಲಿ ಅಪಾಯವೂ ಹೌದು ಎಂದು ಹೇಳಿದ. ಇಬ್ಬರೂ ಕೊಡಿ ಎಂದರು.

ದೂನ್ಯಾ ಮಗುವಿನ ಬಟ್ಟೆ ಬಿಚ್ಚಿದಳು. ಯಾರೂ ಹೇಳಬೇಕಿರಲಿಲ್ಲ. ಬರಿಮೈಯ ಕೂಸನ್ನು ಅಪ್ಪನ ಎರಡೂ ಅಂಗೈಗಳ ಮೇಲಿಟ್ಟು, ಕೆಳಗೆ ತನ್ನ ಕೈ ಆಸರೆ ಕೊಟ್ಟಳು. ಮಗು ಕಾಲು ಝಾಡಿಸಿತು. ವೆಲಿಮಿರ್ ಮದ್ದು ಕೊಟ್ಟ.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ರೆಪ್ಪೆ ಅದುರಿತು. ಬೆರಳುಗಳು ಮಗುವಿನ ಬೆನ್ನಡಿ ಮೆಲ್ಲಗೆ ಬಿಗಿದವು. ತೂಗುವಾಗ ಅವನು ಮಾಡುವ ಹಾಗೆಯೇ, ಕೈ ಕೂದಲೆಳೆಯಷ್ಟು ಮೇಲೆದ್ದು ಇಳಿಯಿತು. ಕಣ್ಣು ತೆರೆದ. ಮಗುವಿನ ಕಡೆಗಲ್ಲ, ಎದುರಿಗೆ ನಿಂತಿದ್ದ ಸ್ತಾಮೆನ್ಕಾಳ ಕಡೆಗೆ.

"ಎಷ್ಟಪ್ಪಾ?" ಎಂದಳು ದೂನ್ಯಾ. "ಅಪ್ಪಾ, ನಮ್ಮ ತಾದಿಯಾ ಎಷ್ಟಿದಾನೆ?"

ತುಟಿಗಳು ಅಲುಗಿದವು. ಸ್ತಾಮೆನ್ಕಾ ಮುಖವಾಡ ಸರಿಸಿ ಕಿವಿ ಕೊಟ್ಟಳು.

"ಎಪ್ಪತ್ತೆಂಟು ಕಣೇ," ಎಂದ. ಸಮಾಧಾನ ಹೇಳುವ ದನಿ. "ಹೋದ ವಾರದಷ್ಟೇ."

ಬೆರಳುಗಳು ಸಡಿಲಿದವು. ದೂನ್ಯಾ ಮಗುವನ್ನು ಎತ್ತಿಕೊಂಡಳು. ಸ್ತಾಮೆನ್ಕಾ ಹೊದಿಕೆ ಸರಿಸಿ ಗಂಡನ ಒಂದು ತೋಳನ್ನು, ಆಮೇಲೆ ಒಂದು ಕಾಲನ್ನು ಎತ್ತಿ ನೋಡಿದಳು, ಅವನು ಮೂರನೇ ಮಂಚದವರಿಗೆ, ಐದನೇ ಮಂಚದವರಿಗೆ ಮಾಡುತ್ತಿದ್ದಂತೆ. ಕಾಲು ಒಣಗಿದ ಕೊಂಬೆಯಂತೆ ಹಗುರವಾಗಿ ಮೇಲೆ ಬಂತು. ಅವಳು ಅದನ್ನು ಇಳಿಸಿ, ಮತ್ತೊಮ್ಮೆ ಎತ್ತಿ ನೋಡಿದಳು.

ಶುಕ್ರವಾರ ಬೆಳಿಗ್ಗೆ ಅವನು ತೀರಿಕೊಂಡ. ಮತ್ತೆ ಕಣ್ಣು ಬಿಡಲಿಲ್ಲ. ದಫನದ ದಿನ ಅಡುಗೆಮನೆಯಲ್ಲಿ, ತೀರಿಕೊಂಡವರ ಹೆಸರಲ್ಲಿ ಹಂಚುವ ಗೋಧಿ ಪಾಯಸ ತಿರುವುತ್ತಿದ್ದಾಗ ದೂನ್ಯಾ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಮಂಗಳವಾರ ಬಂದಿದ್ರೆ ಮಾತಾಡ್ತಿದ್ದ ಅಲ್ವಾಮ್ಮ? ಮಲಗಿಸೋ ಮುಂಚೆ?"

"ಹೂಂ."

"ನೀನೇ ಅಂದಿದ್ದೆ, ಗುರುವಾರ ಸಾಕು ಅಂತ."

"ಹೂಂ ಮಗಾ. ನಾನೇ ಅಂದಿದ್ದೆ."

ಇಬ್ಬರೂ ಗೋಧಿ ತಿರುವಿದರು. ತಳ ಹಿಡಿಯಬಾರದಲ್ಲ.

ತೂಕದ ಮನೆಯ ಬೀಗ ತೆಗೆದದ್ದು ತೀರಿಕೊಂಡವನ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ. ಹಿಮ ಕರಗಿ ಪ್ಲಮ್ ಮರಗಳು ಬಿಳಿ ಹೂ ಬಿಟ್ಟಿದ್ದವು. ಸಂಘದವರು ಬೀಗದ ಕೈ ಕೇಳಿದ್ದರು, ಅದಕ್ಕೇ ಹೋಗಿದ್ದರು ತಾಯಿ ಮಗಳು, ಕೂಸಿನ ಸಮೇತ. ಒಳಗೆ ಹೋಗಿ ಬಾಗಿಲು ಮುಚ್ಚಿದಾಗ ಬಾಗಿಲ ಹಿಂಬದಿ ಕಂಡಿತು. ಸೀಮೆಸುಣ್ಣದಲ್ಲಿ ಬರೆದ ಸಾಲುಗಳು. ಪ್ರತಿ ಭಾನುವಾರದ ದಿನಾಂಕ, ಪಕ್ಕದಲ್ಲಿ ತೂಕ. ಎಪ್ಪತ್ತೆಂಟು ಒಂದೇ ಒಂದು ಸಲ, ಅಕ್ಟೋಬರಿನಲ್ಲಿ. ಆಮೇಲೆ ಎಪ್ಪತ್ತೈದು. ಎಪ್ಪತ್ತೊಂದೂವರೆ. ಅರವತ್ತಾರು. ಕೊನೆಯ ಭಾನುವಾರ ಐವತ್ತೊಂಬತ್ತು; ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಹೊಟ್ಟೆಯ ನೀರು ಸೇರಿ' ಎಂದಿತ್ತು. ಬುಟ್ಟಿಯ ತೂಕವನ್ನು ಅಲ್ಲಿಯೂ ಕಳೆಯಲು ನೋಡಿದ್ದ. ಬಾಯಲ್ಲಿ ಹೆಂಡತಿಗೆ ಸುಳ್ಳು ಹೇಳಿದ, ತಕ್ಕಡಿಯ ಮುಂದೆ ಸುಳ್ಳು ಬರೆಯುವುದು ಅವನ ಕೈಯಲ್ಲಿ ಆಗಿರಲಿಲ್ಲ.

ಎಲ್ಲಕ್ಕೂ ಕೆಳಗೆ ಆ ಗುರುವಾರದ ದಿನಾಂಕ. 'ತಾದಿಯಾ' ಎಂದು ದಪ್ಪಗೆ ಬರೆದಿತ್ತು. ಮುಂದೆ ಖಾಲಿ.

ದೂನ್ಯಾ ಮಗುವಿನ ಬಟ್ಟೆ ಬಿಚ್ಚಿ ತಕ್ಕಡಿಯ ಮೇಲೆ ಮಲಗಿಸಿದಳು. ಮುಳ್ಳು ಆಡಿ ನಿಂತಿತು. ಆರು ಕಿಲೋ ನೂರು. ಅವಳು ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಬಳಿ ಹೋದಾಗ ಸ್ತಾಮೆನ್ಕಾ ಅವಳ ಕೈ ಹಿಡಿದಳು.

"ಬೇಡ. ಅದು ಇವತ್ತಿನ ತೂಕ. ಅವತ್ತಿನದಲ್ಲ."

"ಅವತ್ತಿನದು ಯಾರಿಗೆ ಗೊತ್ತು?"

"ಅವನ ಕೈಗೆ ಗೊತ್ತಿತ್ತು," ಎಂದಳು ಸ್ತಾಮೆನ್ಕಾ.

ಆ ಜಾಗ ಖಾಲಿಯಾಗಿಯೇ ಉಳಿಯಿತು. ಸಂಘದವರು ಹೊಸ ತಕ್ಕಡಿ ತಂದಾಗ ಹಳೆಯದನ್ನು ಅವಳು ಕೇಳಿ ಪಡೆದಳು. ನಾಲ್ಕು ಜನ ಹೊತ್ತು ಘಟಕದ ಬಾಗಿಲ ಪಕ್ಕದಲ್ಲಿಟ್ಟರು. ನಿರ್ದೇಶಕರು ಇದೇನು ಹಣ್ಣಿನ ಮಂಡಿಯೇ ಎಂದರು. ವೆಲಿಮಿರ್ ಅವರನ್ನು ಪಕ್ಕಕ್ಕೆ ಕರೆದೊಯ್ದು ಏನೋ ಹೇಳಿದ. ಈಗ ಬರುವ ಪ್ರತಿ ರೋಗಿಯನ್ನೂ ಸ್ಟ್ರೆಚರ್ ಸಮೇತ ಅದರ ಮೇಲೆ ಹತ್ತಿಸಿ, ಸ್ಟ್ರೆಚರಿನ ತೂಕ ಕಳೆಯುತ್ತಾರೆ. ಆಮೇಲೆಯೇ ಹಾಳೆ, ಆಮೇಲೆಯೇ ಸಿರಿಂಜು.

ಮನೆಯವರನ್ನು ಸ್ತಾಮೆನ್ಕಾ ಈಗಲೂ ಕೇಳುತ್ತಾಳೆ. ಹೊಸ ನರ್ಸುಗಳಿಗೆ ಅರ್ಥವಾಗುವುದಿಲ್ಲ: ಹೇಗೂ ತೂಗುವುದಿದೆಯಲ್ಲ, ಕೇಳುವುದೇಕೆ? ಯಾವುದೋ ಹೆಂಗಸು ಸೆರಗಿನಂತೆ ತಲೆಗೆ ಕಟ್ಟಿದ ವಸ್ತ್ರದ ತುದಿ ಹಿಸುಕುತ್ತ, "ಎಂಬತ್ತೈದು ಸಿಸ್ಟರ್, ನಮ್ಮನೆಯವರು ಒಳ್ಳೇ ಆಳು," ಎನ್ನುತ್ತಾಳೆ. ಸ್ತಾಮೆನ್ಕಾ ಅದನ್ನು ಬರೆದುಕೊಳ್ಳುತ್ತಾಳೆ. ತಕ್ಕಡಿಯ ಮುಳ್ಳು ಅರವತ್ತರಲ್ಲಿ ನಿಂತರೂ ಆ ಹೆಂಗಸಿಗೆ ಅದನ್ನು ಹೇಳುವುದಿಲ್ಲ.